ಸೆರೇನೊನ ಕಾಲುಬಳೆ

ಜನವರಿ 29, ಬುಧವಾರ

ಸೆರೇನೊ ಸತ್ತಿತು. ಬೆಕ್ಕು ಹಿಡಿಯಲಿಲ್ಲ, ರೋಗವೂ ಬರಲಿಲ್ಲ. ಕೊಂದದ್ದು ನಾನು. ಯಾರಿಗೂ ಹೇಳಲಾಗದೆ, ಶಾಲೆ ಬಿಟ್ಟಾಗ ಅರ್ಧ ಖಾಲಿ ಉಳಿದಿದ್ದ ವಿಜ್ಞಾನದ ನೋಟುಬುಕ್ಕಿನಲ್ಲಿ ಬರೆಯುತ್ತಿದ್ದೇನೆ.

ಪದ್ರೀನ್ಯೊ ಸೋಮವಾರ ಮೊಂತೆಸ್ ಕ್ಲಾರೊಸ್‌ಗೆ ಹೋದರು. ಅಲ್ಲಿ ಮಗಳ ಮನೆಯಲ್ಲಿದ್ದು ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡು ಬರುತ್ತಾರೆ. ಊರಿಗೆಲ್ಲ ಅವರು ಗುಮರ್ಸಿಂದೊ ಯಜಮಾನರು. ನನಗೆ ಪದ್ರೀನ್ಯೊ, ಅಂದರೆ ಜ್ಞಾನಸ್ನಾನದ ದಿನ ನನ್ನನ್ನು ಎತ್ತಿ ಹಿಡಿದವರು, ಅಪ್ಪ ಹೋದಮೇಲೆ ಅಪ್ಪನ ಜಾಗದಲ್ಲಿ ನಿಂತವರು. ಊರಲ್ಲಿ ಹಕ್ಕಿ ಸಾಕುವ ಗಂಡಸರು ಹದಿನಾಲ್ಕು ಜನ ಇದ್ದಾರೆ. ಅವರನ್ನೆಲ್ಲ ಬಿಟ್ಟು ತಮ್ಮ ಹಕ್ಕಿ ಸೆರೇನೊನ ಪಂಜರವನ್ನು ನನ್ನ ಕೈಗೆ ಕೊಟ್ಟರು. ದೋರ್ಗಿವಲಣ್ಣನ ಕ್ಷೌರದಂಗಡಿಯಲ್ಲಿ ಎಲ್ಲರ ಎದುರು ಕೊಟ್ಟರು.

"ಈ ಕಾಲಲ್ಲಿ ಚಕ್ರ ಇರೋ ಹುಡುಗಿಗಾ?" ಎಂದು ದೋರ್ಗಿವಲಣ್ಣ ಕತ್ತರಿ ಆಡಿಸುತ್ತ ನಕ್ಕ.

"ಇವಳು ಸುಳ್ಳು ಹೇಳಲ್ಲ. ನೀರು ಹಾಕಿಲ್ಲ ಅಂದ್ರೆ ಹಾಕಿಲ್ಲ ಅಂತಾಳೆ. ನನಗೆ ಅಷ್ಟು ಸಾಕು" ಎಂದರು ಪದ್ರೀನ್ಯೊ.

ನಾಲ್ಕು ವರ್ಷದಿಂದ ಅವರಿಗೆ ಸೆರೇನೊ ಬರೀ ದನಿ. ಕಣ್ಣು ಬಂದಮೇಲೆ ಮೊದಲು ನೋಡುವುದು ಅದರ ಹಳದಿಯನ್ನೇ ಎಂದು ಬಸ್ಸು ಹತ್ತುವಾಗಲೂ ಹೇಳಿದರು.

ಇವತ್ತು ಬೆಳಿಗ್ಗೆ ಏಳೂವರೆಗೆ ಪಂಜರವನ್ನು ಹಿತ್ತಲ ಗೋಡೆಯ ಮೊಳೆಗೆ ತೂಗುಹಾಕಿದೆ, ಬಿಸಿಲುಸ್ನಾನಕ್ಕೆ. "ಹದಿನೈದೇ ನಿಮಿಷ, ಆಮೇಲೆ ನೆರಳು" ಎಂದು ಮೂರು ಸಲ ಹೇಳಿದ್ದರು. ಅಷ್ಟರಲ್ಲಿ ಬೀದಿಯಲ್ಲಿ ಯಾರೋ ಸೇತುವೆ ಹತ್ತಿರ ಸಿಮೆಂಟಿನ ಲಾರಿ ಹಳ್ಳಕ್ಕೆ ಬಿದ್ದಿದೆ ಎಂದರು. ಓಡಿದೆ. ಲಾರಿ ಬಿದ್ದಿರಲಿಲ್ಲ, ಒಂದು ಚಕ್ರ ಜಾರಿತ್ತು ಅಷ್ಟೆ. ಆದರೂ ಅಲ್ಲೇ ನಿಂತೆ. ಹಗ್ಗ ಕಟ್ಟಿ ಎಳೆಯುವುದನ್ನು ನೋಡಿದೆ, ಕೂಗಿದೆ, ನಕ್ಕೆ. ಹನ್ನೊಂದು ಕಾಲಿಗೆ ನೆನಪಾಯಿತು.

ಪಂಜರದ ತಳದಲ್ಲಿ, ಬೆರಳಗಲ ನೆರಳು ಬಿದ್ದಿದ್ದ ಕಡೆ, ಕೊಕ್ಕು ತೆರೆದು ಮಲಗಿತ್ತು. ಬಟ್ಟಲಲ್ಲಿ ನೀರಿತ್ತು. ಬೆರಳಿಟ್ಟು ನೋಡಿದೆ. ಕಾಫಿಯಷ್ಟು ಬಿಸಿ.

ಜನವರಿ 31, ಶುಕ್ರವಾರ

ನಿನ್ನೆ ಸಂಜೆ ಪದ್ರೀನ್ಯೊ ಫೋನ್ ಮಾಡಿದರು. ಒಂದು ಕಣ್ಣು ಆಯಿತಂತೆ, ಇನ್ನೊಂದು ಮುಂದಿನ ವಾರ.

"ಫೋನ್ ಪಂಜರದ ಹತ್ರ ಹಿಡಿಯೇ, ಎರಡು ಮಾತು ಕೇಳೋಣ."

"ಹಾಡ್ತಾ ಇಲ್ಲ ಪದ್ರೀನ್ಯೊ. ಗರಿ ಉದುರ್ತಾ ಇದೆ."

"ಈಗಲೇ? ಇನ್ನೂ ತಿಂಗಳು ಇತ್ತಲ್ಲ! ಹೋಗ್ಲಿ, ಬಟ್ಟೆ ಹೊದಿಸ್ಬಿಡು. ಗರಿ ಬದಲಾಗೋ ಹಕ್ಕೀನ ಮಾತಾಡಿಸ್ಬಾರ್ದು. ಯಾರಿಗೂ ತೋರಿಸ್ಬೇಡ."

ಗರಿ ಉದುರುವ ಕಾಲದಲ್ಲಿ ಪಂಜರಕ್ಕೆ ಬಿಳಿ ಬಟ್ಟೆ ಹೊದಿಸುತ್ತಾರೆ, ಹಕ್ಕಿ ಹಾಡುವುದಿಲ್ಲ, ಯಾರೂ ಬಟ್ಟೆ ಎತ್ತಿ ನೋಡುವುದಿಲ್ಲ. ಹಾಗೆ ನೋಡುವುದು ಬೇರೆಯವರ ಮನೆಯ ಬಚ್ಚಲಿಗೆ ಇಣುಕಿದಂತೆ. ಅವರೇ ನನಗೆ ಉಪಾಯ ಹೇಳಿಕೊಟ್ಟ ಹಾಗಾಯಿತು. ಅಡಗಲು ಎರಡು ಮೂರು ವಾರ ಸಿಕ್ಕಿತು.

ಇನ್ನು ಇವತ್ತು ಮಾಡಿದ್ದು. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ಮುಚ್ಚಿದ ಹಾಲಿನ ಡೇರಿಯ ಹಿಂದಿನ ದೊಡ್ಡಿಯಲ್ಲಿ ಸೆರೇನೊನ ಜಾತಿಯದೇ ಹಳದಿ ಹಕ್ಕಿ, ಒಂದು ನಾಡಕನಾರಿ, ಹಾಡುವುದನ್ನು ಕ್ರಿಸ್‌ಮಸ್ ಹೊತ್ತಿಗೇ ಕೇಳಿದ್ದೆ. ಪದ್ರೀನ್ಯೊ ಚಿಕ್ಕವರಿದ್ದಾಗ ಇವು ಕೋಳಿಗಳ ಜೊತೆ ಅಂಗಳದಲ್ಲಿ ಜೋಳ ಹೆಕ್ಕುತ್ತಿದ್ದವಂತೆ. ಹಿಡಿದು ಹಿಡಿದು ಪಂಜರಕ್ಕೆ ಹಾಕಿ, ಈಗ ನಮ್ಮ ಕಣಿವೆಯಲ್ಲಿ ಹೊರಗೆ ಒಂದೂ ಇಲ್ಲ. ಇದೊಂದು ಎಲ್ಲಿಂದಲೋ ಬಂದಿತ್ತು. ನಾನು ಯಾರಿಗೂ ಹೇಳಿರಲಿಲ್ಲ. ಸೆರೇನೊನ ಜಾಗಕ್ಕೆ ಅದನ್ನೇ ಹಾಕೋಣವೆಂದುಕೊಂಡೆ.

ಪದ್ರೀನ್ಯೊ ಮನೆಯ ಅಟ್ಟದಿಂದ ಅವರಪ್ಪನ ಕಾಲದ ಬೋನಿನ ಪಂಜರ ಇಳಿಸಿ, ಒಳಗೆ ಅಮ್ಮನ ಕನ್ನಡಿ ಕಟ್ಟಿ ಬೇಲಿಯ ಮೇಲಿಟ್ಟೆ. ಗಂಡು ನಾಡಕನಾರಿ ಎದುರಿಗೆ ಇನ್ನೊಂದು ಗಂಡನ್ನು ಕಂಡರೆ ತಡೆಯುವುದಿಲ್ಲ. ಕಾರಿನ ಕನ್ನಡಿಯಲ್ಲಿ ಕಂಡರೂ ಸುಸ್ತಾಗುವವರೆಗೆ ಕುಕ್ಕುತ್ತದೆ. ಹತ್ತು ನಿಮಿಷಕ್ಕೆ ಬಿತ್ತು. ಅದಕ್ಕೆ ಗೂಡಿದೆಯೆಂದು ನನಗೆ ಗೊತ್ತಿರಲಿಲ್ಲ.

ಆಮೇಲೆ ಕಾಲುಬಳೆ. ಸಾಕಿದ ಮನೆಯಲ್ಲೇ ಹುಟ್ಟಿದ ಮರಿಗೆ ಐದಾರು ದಿನವಾದಾಗ, ಪಾದ ಇನ್ನೂ ಮೆತ್ತಗಿರುವಾಗ, ಬಳೆ ತೊಡಿಸುತ್ತಾರೆ. ಪಾದ ಬೆಳೆದಮೇಲೆ ಅದು ಹೊರಗೆ ಬರುವುದಿಲ್ಲ. ಮೇಲೆ ಸಾಕಿದವನ ಸಂಖ್ಯೆ ಕೊರೆದಿರುತ್ತದೆ. ಬಳೆ ಇಲ್ಲದ ಹಕ್ಕಿಯೆಂದರೆ ಕಾಡಿನಿಂದ ಕದ್ದದ್ದು. ಪದ್ರೀನ್ಯೊ ಜೀವಮಾನದಲ್ಲಿ ಕಾಡುಹಕ್ಕಿಗೆ ಬಳೆ ಹಾಕಿದವರಲ್ಲ. ಹಾಕಿದವರ ಜೊತೆ ಕೂತು ಕಾಫಿಯನ್ನೂ ಕುಡಿದವರಲ್ಲ.

ಸೆರೇನೊನ ಕಾಲಿನಿಂದ ಅದನ್ನು ಹೇಗೆ ತೆಗೆದೆ ಎಂದರೆ, ಸತ್ತ ಹಕ್ಕಿಯ ಹಿಂಬೆರಳು ಮುರಿದು. ಸದ್ದಾಯಿತು. ಬದುಕಿರುವ ಹಕ್ಕಿಗೆ ವ್ಯಾಸಲೀನ್ ಸವರಿ, ಮೂರು ಬೆರಳು ಸೇರಿಸಿ, ಒತ್ತಿ ತೂರಿಸಿದೆ. ಅದು ಕೂಗಲಿಲ್ಲ. ನನ್ನ ಬೆರಳನ್ನು ಕಚ್ಚಿ ಹಿಡಿದು ಕಣ್ಣು ಮುಚ್ಚಿಕೊಂಡಿತು. ಉಗುರಿನ ಬುಡದಲ್ಲಿ ರಕ್ತ ಬಂತು.

ಸೆರೇನೊನನ್ನು ನಮ್ಮ ಹಿತ್ತಲ ಸೀಬೆಗಿಡದ ಬುಡದಲ್ಲಿ ಹೂತೆ.

ಫೆಬ್ರವರಿ 2, ಭಾನುವಾರ

ಶುಕ್ರವಾರ ಬರೆದದ್ದರಲ್ಲಿ ಒಂದು ಸುಳ್ಳಿದೆ. ಎರಡು ದಿನದಿಂದ ಅದೇ ಚುಚ್ಚುತ್ತಿದೆ.

"ಗೂಡಿದೆಯೆಂದು ನನಗೆ ಗೊತ್ತಿರಲಿಲ್ಲ" ಎಂದು ಬರೆದೆ. ಗೊತ್ತಿತ್ತು. ಬೋನು ಇಡುವ ಮೊದಲೇ, ಮಾಸಲು ಹಳದಿಯ ಹೆಣ್ಣೊಂದು ಕೊಕ್ಕಿನಲ್ಲಿ ಹಸಿರು ಹುಳು ಹಿಡಿದು ದೊಡ್ಡಿಯ ಮೂಲೆಕಂಬದ ಕಡೆ ಹೋದದ್ದನ್ನು ಕಂಡಿದ್ದೆ. ಕಾಳು ತಿನ್ನುವ ಹಕ್ಕಿ ಹುಳು ಹೊತ್ತು ಹೋಗುತ್ತಿದೆಯೆಂದರೆ ಯಾರಿಗೆಂದು ಎಂಟು ವರ್ಷದ ಮಗುವಿಗೂ ಗೊತ್ತು. ನಾನು ಮುಖ ತಿರುಗಿಸಿಕೊಂಡೆ. ನನ್ನ ಪುಸ್ತಕ, ಓದುವವಳೂ ನಾನೊಬ್ಬಳೇ. ಅದರಲ್ಲೂ ಸುಳ್ಳು ಬರೆದೆ.

ಪಂಜರದಲ್ಲಿರುವುದು ಕಂಬಿಗೆ ಹಾರಿ ಹಾರಿ ಹಣೆ ಕೆಂಪಾಗಿದೆ. ಜಿಲೋ ಕಾಯಿ ಕತ್ತರಿಸಿ ಇಟ್ಟೆ. ಸೆರೇನೊಗೆ ಆ ಕಹಿ ಎಂದರೆ ಪ್ರಾಣ. ಇದು ಮುಟ್ಟಲಿಲ್ಲ.

ಫೆಬ್ರವರಿ 4, ಮಂಗಳವಾರ

ಮೂಲೆಕಂಬದ ಮೇಲೆ 'ಮಣ್ಣಿನ ಜೊವಾಂವ್' ಹಕ್ಕಿ ಹೋದ ವರ್ಷ ಕಟ್ಟಿ ಬಿಟ್ಟುಹೋದ ಗೂಡಿದೆ. ಥೇಟ್ ರೊಟ್ಟಿ ಸುಡುವ ಒಲೆಯ ಹಾಗೆ ದುಂಡಗೆ, ಗಟ್ಟಿ ಮಣ್ಣಿನದು. ನಾಡಕನಾರಿ ತಾನಾಗಿ ಇಂಥ ಮನೆ ಕಟ್ಟಲಾರದು. ಇನ್ನೊಬ್ಬರು ಬಿಟ್ಟದ್ದರಲ್ಲಿ ಹುಲ್ಲು, ಕುದುರೆಕೂದಲು ಹಾಸಿ ಸಂಸಾರ ಹೂಡುತ್ತದೆ. ಈ ಗೂಡಿನ ಬೆನ್ನಿಗೆ ಯಾರೋ ಕಲ್ಲು ಹೊಡೆದು ಮುಷ್ಟಿಯಷ್ಟು ತೂತಾಗಿದೆ. ಕನ್ನಡಿಯನ್ನು ಕೋಲಿಗೆ ಕಟ್ಟಿ, ಹೆಣ್ಣು ಹೊರಗೆ ಹೋದಾಗ ನೋಡಿದೆ.

ನಾಲ್ಕು ಮರಿಗಳು. ಕಣ್ಣು ಸೀಳಿನಷ್ಟು ತೆರೆದಿವೆ. ಏಳು ದಿನದವು ಇರಬಹುದು. ಕನ್ನಡಿಯ ಬೆಳಕು ಬಿದ್ದದ್ದೇ ನಾಲ್ಕೂ ಬಾಯಿ ತೆರೆದವು. ಅಮ್ಮ ಬಂದಳು ಎಂದುಕೊಂಡವು.

ಬೆಳಿಗ್ಗೆ ಏಳರಿಂದ ಹತ್ತರವರೆಗೆ ಕೂತು ಎಣಿಸಿದೆ. ಹೆಣ್ಣು ಹನ್ನೊಂದು ಸಲ ಬಂತು. ಪ್ರತಿಸಲ ಒಳಗೆ ಹೋಗುವ ಮುಂಚೆ ಬೇಲಿಯ ಮೇಲೆ ಕೂತು ಸಣ್ಣದಾಗಿ ಚಿಪ್ ಚಿಪ್ ಎಂದು ಕರೆದು, ಕಾದು, ಆಮೇಲೆ ಹೋಗುತ್ತದೆ. ಯಾರನ್ನು ಕರೆಯುತ್ತದೆಂದು ನನಗೆ ಗೊತ್ತು.

ಬಿಡಬೇಕು. ಬಿಟ್ಟಿಲ್ಲ. ಬಿಟ್ಟರೆ ಪಂಜರ ಖಾಲಿ, ಪದ್ರೀನ್ಯೊಗೆ ಹೇಳಬೇಕು.

ಫೆಬ್ರವರಿ 5, ಬುಧವಾರ

"ನನ್ನ ಕನ್ನಡಿ ಎಲ್ಲೇ?" ಎಂದಳು ಅಮ್ಮ. ಶಾಲೆಯ ಅಡುಗೆಮನೆಯಿಂದ ಆಗಷ್ಟೇ ಬಂದಿದ್ದಳು. ಕೈಯೆಲ್ಲ ಈರುಳ್ಳಿ ವಾಸನೆ.

"ನನ್ನ ಹತ್ರ ಇದೆ."

"ನೀನು ಯಾವಾಗಿಂದ ಕನ್ನಡಿ ನೋಡ್ಕೊಳ್ಳೋಳಾದೆ? ಯಾವನವನು?"

"ಯಾವನೂ ಇಲ್ಲಮ್ಮ. ಹಕ್ಕಿಗೂಡು ನೋಡೋಕೆ."

"ಹಕ್ಕಿಗೂಡು! ಮೂರು ದಿನದಿಂದ ಬೆಳಿಗ್ಗೆ ಹೋದೋಳು ಊಟಕ್ಕೂ ಬರಲ್ಲ. ತರಗತೀಲಿ ಅರ್ಧ ಗಂಟೆ ಕೂತಿದ್ದು ಗೊತ್ತೇನೇ ನಿಂಗೆ? ಟೀಚರು ನಾನು ಬೀನ್ಸ್ ಬೇಯಿಸೋ ಕಡೆಗೇ ಬಂದು ದೂರು ಹೇಳ್ತಿದ್ರು, 'ನಿಮ್ಮ ನಿಲ್ಸೇಯಾ ಬೆಂಚಿನ ಮೇಲೆ ಮುಳ್ಳಿದೆ ಅಂತಾಳೆ' ಅಂತ. ಈಗ ದನದ ದೊಡ್ಡೀಲಿ ಆರು ಗಂಟೆ ಕೂರ್ತೀಯಾ?"

ಅಲ್ಲಿ ಕೂರಲಾಗುತ್ತಿರಲಿಲ್ಲ, ಇಲ್ಲಿ ಕೂರದೆ ವಿಧಿಯಿಲ್ಲ. ಇದರಲ್ಲೇನಿದೆ ಆಶ್ಚರ್ಯ?

ಗೆದ್ದಲುಹುತ್ತವೊಂದನ್ನು ಒಡೆದು ಕಂಬದಿಂದ ಹತ್ತು ಹೆಜ್ಜೆ ದೂರ ಇಟ್ಟೆ. ಹೆಣ್ಣು ಇಪ್ಪತ್ತು ನಿಮಿಷ ಅನುಮಾನಿಸಿ ಆಮೇಲೆ ಇಳಿಯಿತು. ಮೂರು ಗಂಟೆಯಲ್ಲಿ ಹತ್ತೊಂಬತ್ತು ಸಲ ಬಂತು. ಸಹಾಯ ಮಾಡಿದೆನೆಂದು ಒಂದು ಕ್ಷಣ ಖುಷಿಯಾಯಿತು. ಆ ಖುಷಿಗೂ ನಾಚಿಕೆಯಾಯಿತು.

ಪದ್ರೀನ್ಯೊ ಫೋನ್. ಇವತ್ತಿಗೆ ಏಳು ದಿನ, ಏಳು ಸುಳ್ಳು.

ಫೆಬ್ರವರಿ 6, ಗುರುವಾರ

ಮಳೆ. ಬೆಳಗಿನಿಂದ ಒಂದೇ ಸಮ. ಗೂಡಿನ ಬೆನ್ನಿನ ತೂತಿಗೆ ಪ್ಲಾಸ್ಟಿಕ್ ಕಟ್ಟಿದೆ. ಹೆಣ್ಣು ಒಳಗೆ ಮರಿಗಳ ಮೇಲೆ ಕೂತಿದೆ. ಗಂಡಿದ್ದರೆ ಅದು ಹುಳು ತರುತ್ತಿತ್ತು, ಇದು ಕಾವು ಕೊಡುತ್ತಿತ್ತು. ಒಂದೇ ಹಕ್ಕಿಗೆ ಎರಡೂ ಆಗುವುದಿಲ್ಲ. ಹೊರಗೆ ಹೋದರೆ ಮರಿ ತಣ್ಣಗಾಗುತ್ತವೆ, ಕೂತರೆ ಹಸಿಯುತ್ತವೆ. ಇಡೀ ದಿನದಲ್ಲಿ ನಾಲ್ಕು ಸಲ ಹೋಗಿ ಬಂತು.

ನೆಂದುಕೊಂಡೇ ಕೂತಿದ್ದೆ. ಎದ್ದು ಮನೆಗೆ ಹೋಗಿ ಪಂಜರದ ಬಾಗಿಲು ತೆಗೆದಿದ್ದರೆ ಆಗುತ್ತಿತ್ತು. ಕಾಲ್ನಡಿಗೆಯಲ್ಲಿ ಎಂಟು ನಿಮಿಷದ ದಾರಿ.

ಫೆಬ್ರವರಿ 7, ಶುಕ್ರವಾರ

ಕಂಬದ ಬುಡದಲ್ಲಿ ಎರಡು ಮರಿ. ಹೆಣ್ಣೇ ಹೊರಗೆ ಎಳೆದುಹಾಕಿದೆ. ರೆಕ್ಕೆಯಲ್ಲಿ ಗರಿ ಇನ್ನೂ ಕೊಳವೆಯೊಳಗಿದ್ದವು. ಒಂದರ ಬಾಯಿಯಲ್ಲಿ ಹುಳು ಹಾಗೇ ಇತ್ತು. ನುಂಗಲು ಶಕ್ತಿ ಇರಲಿಲ್ಲವೇನೋ.

ಫೆಬ್ರವರಿ 8, ಶನಿವಾರ

ಬಿಟ್ಟೆ.

ಮೊದಲು ಬಳೆ ತೆಗೆಯಲು ನೋಡಿದೆ. ಪಾದ ಊದಿಕೊಂಡಿದೆ, ಜಾರುವುದಿಲ್ಲ. ಇಕ್ಕಳದಿಂದ ಕತ್ತರಿಸೋಣವೆಂದು ಹಿಡಿದೆ, ಮತ್ತೆ ಇಕ್ಕಳ ಕೆಳಗಿಟ್ಟೆ. ಕಡ್ಡಿಯಷ್ಟು ತೆಳ್ಳಗಿನ ಕಾಲು. ಇನ್ನೊಂದು ಮೂಳೆ ಮುರಿಯುವ ಸದ್ದು ಕೇಳಲಾರೆ. ಬಳೆಯ ಸಮೇತ ದೊಡ್ಡಿಗೆ ಒಯ್ದು ಬಾಗಿಲು ತೆಗೆದೆ. ನೇರ ಗೂಡಿಗೆ ಹೋಗುತ್ತದೆ ಎಂದುಕೊಂಡಿದ್ದೆ. ಬೇಲಿ, ಡೇರಿ, ಬಿದಿರಮೆಳೆ ಎಲ್ಲ ದಾಟಿ ಹೋಯಿತು, ತಿರುಗಿ ನೋಡಲಿಲ್ಲ.

ಫೆಬ್ರವರಿ 9, ಭಾನುವಾರ

ಆರು ಇಪ್ಪತ್ತಕ್ಕೆ ಬಂತು. ಕಂಬದ ಹತ್ತಿರ ಹೋದರೆ ಹೆಣ್ಣು ಎರಡು ಸಲ ಅಟ್ಟಿಸಿತು. ಗುರುತು ಸಿಗಲಿಲ್ಲವೋ, ಸಿಟ್ಟೋ. ಅದನ್ನು ನಾನು ಊಹಿಸಿ ಬರೆಯಬಾರದು, ಕಂಡದ್ದು ಅಟ್ಟಿಸಿದ್ದು ಮಾತ್ರ. ಗಂಡು ಬೇಲಿಯ ಮೇಲೆ ಒಂದೇ ಕಾಲೂರಿ ಕೂತಿತ್ತು, ಬಳೆಯ ಕಾಲನ್ನು ಹೊಟ್ಟೆಗರಿಯೊಳಗೆ ಎಳೆದುಕೊಂಡು. ಏಳು ಐವತ್ತಕ್ಕೆ ಹಾಡಿತು. ಒಂಬತ್ತು ದಿನದಲ್ಲಿ ಮೊದಲ ಸಲ. ಎಂಟು ನಲವತ್ತಕ್ಕೆ ಹುಳು ಹಿಡಿದು ಒಲೆಗೂಡಿನ ಬಾಯಿಗೆ ಹೋಯಿತು, ಹೆಣ್ಣು ಸುಮ್ಮನಿತ್ತು. ಮಧ್ಯಾಹ್ನದವರೆಗೆ ಎರಡೂ ಸೇರಿ ಐವತ್ತೆರಡು ಸಲ.

ಐವತ್ತೆರಡು!

ಫೆಬ್ರವರಿ 13, ಗುರುವಾರ

ಮರಿ ಹೊರಗೆ ಬಂದವು. ಒಂದು ಏಳು ಗಂಟೆಗೆ, ಇನ್ನೊಂದು ಹತ್ತೂವರೆಗೆ. ಹಳದಿಯೇ ಇಲ್ಲ. ಬೂದುಕಂದು, ಎದೆಯ ಮೇಲೆ ಗೆರೆಗೆರೆ, ಕುತ್ತಿಗೆಗೆ ಮಾತ್ರ ಒಂದು ಚೂರು ಬಣ್ಣ. ಮೊದಲಿನದು ಕಂಬದಿಂದ ಬಿದ್ದ ಹಾಗೆ ಹಾರಿ ಸಗಣಿ ರಾಶಿಯ ಮೇಲೆ ಇಳಿಯಿತು. ಎರಡನೆಯದು ಗೂಡಿನ ಬಾಯಲ್ಲಿ ಮೂರೂವರೆ ಗಂಟೆ ಕೂತಿತ್ತು. ಗಂಡು ಹುಳು ಹಿಡಿದು ಎದುರಿನ ತಂತಿಯ ಮೇಲೆ ಕೂತು ತೋರಿಸುತ್ತದೆ, ಕೊಡುವುದಿಲ್ಲ. ಹಸಿವೆಗೆ ಹಾರಲಿ ಎಂದು. ಹಾರಿತು.

ನಾಳಿದ್ದು ಪದ್ರೀನ್ಯೊ ಬರುತ್ತಾರೆ.

ಫೆಬ್ರವರಿ 15, ಶನಿವಾರ

ಹನ್ನೆರಡರ ಬಸ್ಸಿಳಿದು ನೇರ ನಮ್ಮ ಮನೆಗೇ ಬಂದರು, ಕಪ್ಪು ಕನ್ನಡಕ ಹಾಕಿಕೊಂಡು. "ಆಶೀರ್ವಾದ, ಪದ್ರೀನ್ಯೊ" ಎಂದೆ. "ದೇವರು ಒಳ್ಳೇದು ಮಾಡ್ಲಿ ಮಗಳೇ" ಎಂದು ನನ್ನ ಮುಖ ಹಿಡಿದು ನೋಡಿದರು. "ಅರೆ, ಮೂಗಿನ ಮೇಲೆ ಇಷ್ಟೊಂದು ಮಚ್ಚೆ ಯಾವಾಗ ಬಂತೇ?"

ಬಟ್ಟೆ ತೆಗೆದು ಖಾಲಿ ಪಂಜರವನ್ನು ಮೇಜಿನ ಮೇಲಿಟ್ಟಿದ್ದೆ. ಕನ್ನಡಕ ತೆಗೆದರು. ಬಹಳ ಹೊತ್ತು ನೋಡಿದರು. ಇನ್ನೂ ಕಣ್ಣು ಸರಿಯಾಗಿಲ್ಲ ಎಂದುಕೊಂಡರೋ ಏನೋ, ಉಜ್ಜಿಕೊಂಡು ಮತ್ತೆ ನೋಡಿದರು.

"ಸತ್ತುಹೋಯ್ತು ಪದ್ರೀನ್ಯೊ. ನಾನೇ ಬಿಸಿಲಲ್ಲಿ ಮರೆತೆ."

ಅವರು ಕೂಗಾಡಲಿಲ್ಲ. ಒಂದೊಂದೇ ಕೇಳಿದರು.

"ಎಷ್ಟೊತ್ತಿಗೆ ಹೊರಗೆ ಹಾಕ್ದೆ?"

"ಏಳೂವರೆಗೆ."

"ಬಂದದ್ದು?"

"ಹನ್ನೊಂದು ಕಾಲಿಗೆ."

"ಎಲ್ಲಿಗೆ ಹೋಗಿದ್ದೆ?"

"ಲಾರಿ ಬಿದ್ದಿದೆ ಅಂದ್ರು. ನೋಡೋಕೆ. ಬಿದ್ದಿರ್ಲಿಲ್ಲ."

"ಬಿದ್ದಿರ್ಲಿಲ್ಲ" ಎಂದರು ಅವರೂ. "ಮತ್ತೆ ಫೋನಲ್ಲಿ?"

"ಸುಳ್ಳು. ದಿನಾ."

ಎಲ್ಲ ಹೇಳಿದೆ. ಬೋನು, ಕನ್ನಡಿ, ಕಾಡುಹಕ್ಕಿ, ಗೂಡು, ನಾಲ್ಕು ಮರಿ, ಮಳೆ. ಬಳೆ ಹೇಗೆ ತೆಗೆದೆ ಎಂದು ಹೇಳಲು ಶುರುಮಾಡಿದಾಗ "ಸಾಕು" ಎಂದು ಕೈ ಎತ್ತಿದರು. ಸೀಬೆಗಿಡದ ಹತ್ತಿರ ಹೋಗಿ ನಿಂತರು. ನಾನು ಹಿಂದೆ ನಿಂತೆ.

"ಹಳದಿ ಹಾಗೇ ಇತ್ತಾ?"

"ಇತ್ತು. ನೆತ್ತಿ ಕಿತ್ತಳೆ ಬಣ್ಣ."

"ಕಿತ್ತಳೆ ಅಲ್ಲ, ಕೆಂಪು. ನನಗೆ ನೆನಪಿದೆ."

ಕಿತ್ತಳೆಯೇ. ಅವರು ಹೊರಡುವಾಗ ಮತ್ತೆ ಆಶೀರ್ವಾದ ಕೇಳಿದೆ. ಉತ್ತರ ಬರಲಿಲ್ಲ. ಹದಿನೇಳು ವರ್ಷದಲ್ಲಿ ಇದೇ ಮೊದಲು.

ಫೆಬ್ರವರಿ 16, ಭಾನುವಾರ

ದೊಡ್ಡಿಗೆ ಹೋಗಲಿಲ್ಲ.

ಫೆಬ್ರವರಿ 17, ಸೋಮವಾರ

ಹೋದೆ. ಎರಡೂ ಮರಿ ಇವೆ. ರೆಕ್ಕೆ ನಡುಗಿಸಿ ಬೇಡುತ್ತವೆ. ಈಗ ಹೆಚ್ಚು ಉಣಿಸುವುದು ಗಂಡೇ. ಹೆಣ್ಣು ಒಲೆಗೂಡಿಗೆ ಮತ್ತೆ ಹುಲ್ಲು ಹೊರುತ್ತಿದೆ.

ಫೆಬ್ರವರಿ 20, ಗುರುವಾರ

ಇಂಥದ್ದು ಆಗಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ದೋರ್ಗಿವಲಣ್ಣ ದೊಡ್ಡಿಯ ಪಕ್ಕದ ದಾರಿಯಲ್ಲಿ ಸೈಕಲ್ಲಿನಲ್ಲಿ ಹೋಗುವಾಗ ನಾಡಕನಾರಿಯ ದನಿ ಕೇಳಿ ನಿಂತಿದ್ದಾನೆ. ಹಕ್ಕಿ ಬೇಲಿಯ ಮೇಲೆ, ಕಾಲಲ್ಲಿ ಹೊಳೆಯುವ ಬಳೆ. ಮೊಬೈಲಿನಲ್ಲಿ ಪಟ ಹಿಡಿದು ದೊಡ್ಡದು ಮಾಡಿ ನೋಡಿದರೆ ಪದ್ರೀನ್ಯೊರ ಸಂಖ್ಯೆಯ ಕೊನೆಯ ಎರಡು ಅಂಕಿ ಓದಲು ಬಂದಿವೆ. ಹಕ್ಕಿಯೋ, ಸೆರೇನೊ ಅಲ್ಲವೇ ಅಲ್ಲ. ಸೆರೇನೊನ ದನಿ ಊರಿಗೆಲ್ಲ ಗೊತ್ತು.

ಅಮ್ಮ ಸಂಜೆ ಬಂದು ಹೇಳಿದಳು. "ಕ್ಷೌರದಂಗಡೀಲಿ ಅದೇ ಮಾತು ಕಣೇ. 'ಮುದುಕ ನಲವತ್ತು ವರ್ಷ ನಮಗೆಲ್ಲ ಉಪದೇಶ ಮಾಡ್ದ, ತಾನು ಕದ್ದ ಹಕ್ಕಿಗೆ ಬಳೆ ತೊಡಿಸ್ತಿದ್ದ' ಅಂತಿದಾರೆ. ಭಾನುವಾರ ಹಕ್ಕಿ ಸಾಕೋರ ಸಂಘದಿಂದ ತೆಗೀತಾರಂತೆ. ದೋರ್ಗಿವಲ್ ಮನೇಗೇ ಹೋಗಿ ಕೇಳಿದ್ನಂತೆ."

"ಪದ್ರೀನ್ಯೊ ಏನಂದ್ರು?"

"ಬಳೆ ನಂದು, ಹೊಣೆ ನಂದು ಅಂದ್ರಂತೆ. ಅಷ್ಟೇ ಅಂದು ಬಾಗಿಲು ಹಾಕ್ಕೊಂಡ್ರಂತೆ."

ನನ್ನ ಹೆಸರು ಹೇಳಿಲ್ಲ. ಆಶೀರ್ವಾದ ಕೊಡದವರು ನನ್ನ ತಪ್ಪನ್ನು ಮಾತ್ರ ಹೊತ್ತುಕೊಂಡಿದ್ದಾರೆ. ಬೈದಿದ್ದರೆ ಚೆನ್ನಾಗಿತ್ತು.

ಅಮ್ಮನಿಗೆ ಎಲ್ಲ ಹೇಳಿಬಿಟ್ಟೆ. ಅವಳು ಕುರ್ಚಿ ಎಳೆದುಕೊಂಡು ಕೂತಳು. ಅಪ್ರನ್ ಬಿಚ್ಚಲೂ ಇಲ್ಲ. "ಹಾಗಾದ್ರೆ ಭಾನುವಾರ ನೀನು ಹೋಗ್ಬೇಕು" ಎಂದಳು. ಹೋಗು ಎನ್ನಲಿಲ್ಲ, ಹೋಗಬೇಕು ಎಂದಳು.

ಫೆಬ್ರವರಿ 23, ಭಾನುವಾರ

ಕ್ಷೌರದಂಗಡಿಯ ಹಿಂದೆ ಮಾವಿನ ಮರದ ಕೆಳಗೆ ಎಂದಿನಂತೆ ಹಕ್ಕಿಗಳ ಹಾಡಿನ ಪಂದ್ಯಕ್ಕೆ ಗೂಟ ನೆಟ್ಟು ವೃತ್ತವಾಗಿ ಪಂಜರ ತೂಗುಹಾಕಿದ್ದರು, ಒಂದಕ್ಕೊಂದು ಗೇಣು ದೂರ. ಎದುರಾಳಿಯ ದನಿಗೆ ಅಂಜಿ ಸುಮ್ಮನಾದ ಹಕ್ಕಿ ಸೋತಂತೆ. ಹೆಂಗಸರು ಅಲ್ಲಿಗೆ ಹೋಗುವುದಿಲ್ಲ. ಪದ್ರೀನ್ಯೊ ಖಾಲಿ ಕೈಯಲ್ಲಿ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದರು. ಪಕ್ಕ ಯಾರೂ ಕೂತಿರಲಿಲ್ಲ.

ದೋರ್ಗಿವಲಣ್ಣ ಸಂಘದ ಅಧ್ಯಕ್ಷ. ಗಂಟಲು ಸರಿಮಾಡಿಕೊಂಡು "ಹಿರಿಯರ ವಿಷಯ, ಮಾತಾಡೋಕೆ ಕಷ್ಟ" ಎಂದು ಶುರುಮಾಡಿದ. ನಾನು ವೃತ್ತದೊಳಗೆ ಹೋಗಿ ನಿಂತೆ.

"ಆ ಬಳೆ ಹಾಕಿದ್ದು ನಾನು."

"ಹೋಗೇ ಹುಡುಗಿ, ಇದು ಗಂಡಸರ ವಿಷಯ."

"ಬೋನು ಇಟ್ಟಿದ್ದು ನಾನು. ಸೆರೇನೊನ ಕೊಂದದ್ದು ನಾನು. ಅದರ ಕಾಲಿಂದ ಕಿತ್ತು ಇದರ ಕಾಲಿಗೆ ಹಾಕಿದ್ದು ನಾನು. ಪದ್ರೀನ್ಯೊ ಆಗ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮೊಂತೆಸ್ ಕ್ಲಾರೊಸ್‌ನಲ್ಲಿದ್ರು."

"ಮುದುಕನ್ನ ಉಳಿಸೋಕೆ ಹೇಳ್ತಿದಾಳೆ" ಎಂದ ಹಿಂದಿನಿಂದ ಯಾರೋ. "ಬೆಳೆದ ಹಕ್ಕಿಗೆ ಬಳೆ ತೂರಿಸೋದು ಇವಳ ಕೈಲಾಗುತ್ತಾ?"

"ವ್ಯಾಸಲೀನ್ ಹಚ್ಚಿ, ಮುಂದಿನ ಮೂರು ಬೆರಳು ಒಟ್ಟಿಗೆ, ಹಿಂಬೆರಳನ್ನ ಕಾಲಿಗೆ ಒತ್ತಿ. ರಕ್ತ ಬರುತ್ತೆ" ಎಂದೆ. ಆಗ ನಾನು ನೋಡಿದೆ. ನಾಲ್ಕೈದು ಜನ ತಮ್ಮ ತಮ್ಮ ಪಂಜರದ ಕಡೆ ನೋಡಿ ತಲೆ ತಗ್ಗಿಸಿದರು. ಬಳೆ ಎಷ್ಟು ಹಕ್ಕಿಯ ಕಾಲಿಗೆ ಹೇಗೆ ಹೋಗಿದೆಯೆಂದು ಅವರಿಗೇ ಗೊತ್ತು.

ದೋರ್ಗಿವಲಣ್ಣನಿಗೆ ನಂಬಿಕೆ ಬರಲಿಲ್ಲ. "ಪುರಾವೆ?"

ನೋಟುಬುಕ್ ತಂದಿದ್ದೆ. ಓದಿದೆ. ತಾರೀಕು, ಗಂಟೆ, ಹೆಣ್ಣು ಎಷ್ಟು ಸಲ ಬಂತು, ಏನು ತಂತು, ಗಂಡು ಬಂದಮೇಲೆ ಎಷ್ಟು ಸಲ, ಹುಳು ತೋರಿಸಿ ಹೇಗೆ ಹಾರಿಸಿತು, ಅಷ್ಟೇ. ಮೊದಲು ಗುಸುಗುಸು ಇತ್ತು. ಆಮೇಲೆ ನಿಂತಿತು. ಒಬ್ಬ ಟೋಪಿ ತೆಗೆದ.

"ತಡಿ, ತಡಿ. ಒಂಬತ್ತು ದಿನ ಆದ್ಮೇಲೂ ಗಂಡು ವಾಪಸ್ ಬಂತಾ?"

"ಬಂತು. ಮಾರನೇ ದಿನ ಆರು ಇಪ್ಪತ್ತಕ್ಕೆ."

"ಹುಳ ತೋರಿಸಿ ಕೊಡದೆ ಹಾರಿಸ್ತಾ? ಮೂವತ್ತು ವರ್ಷದಿಂದ ಸಾಕಿದೀನಿ, ಇದು ಗೊತ್ತೇ ಇರ್ಲಿಲ್ಲ ನೋಡು!"

"ಪಂಜರದಲ್ಲಿ ಹೇಗೋ ಗೊತ್ತಾಗುತ್ತೆ, ಬೆಪ್ಪೇ?"

ನಕ್ಕರು. ಒಬ್ಬೊಬ್ಬರೇ ಹತ್ತಿರ ಬಂದು ಕೇಳತೊಡಗಿದರು. ಮರಿ ಯಾವ ದಿನ ಹೊರಗೆ ಬಂತು, ಯಾವ ಬಣ್ಣ, ಈಗ ಏನು ತಿನ್ನುತ್ತಿವೆ. ದೋರ್ಗಿವಲಣ್ಣ ಪುಸ್ತಕ ಇಸಿದುಕೊಂಡು ಹಾಳೆ ತಿರುಗಿಸಿ, "ಇದನ್ನ ಯಾರಾದ್ರೂ ಓದಿದೋರಿಗೆ ತೋರಿಸ್ಬೇಕು ಕಣ್ರೋ. ಇವಳು ಶಾಲೆ ಬಿಟ್ಟೋಳಾ?" ಎಂದ. ಗುಮರ್ಸಿಂದೊ ಯಜಮಾನರ ಮೇಲೆ ಯಾವ ದೂರೂ ಇಲ್ಲ ಎಂದು ಜೋರಾಗಿ ಹೇಳಿದ. ಎಲ್ಲರೂ ಹೂಂಗುಟ್ಟಿದರು. ಆ ದೊಡ್ಡಿಯ ಕಡೆ ಯಾರೂ ಬೋನು ಒಯ್ಯಬಾರದು ಎಂದೂ ಆಯಿತು.

"ಎಷ್ಟು ಮರಿ ಬಂದ್ವು ಒಟ್ಟು?"

"ಎರಡು."

"ಎರಡೂ ಬದುಕಿದ್ವಲ್ಲ! ಭೇಷ್!" ಎಂದು ಯಾರೋ ಬೆನ್ನು ತಟ್ಟಿದರು. ಚಪ್ಪಾಳೆಯೂ ಆಯಿತು.

ಇಪ್ಪತ್ತೈದು ದಿನದಲ್ಲಿ ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ. ಅಪ್ಪನಿಲ್ಲದ ಗೂಡಿಗೆ ತಾಯಿ ಎಷ್ಟು ಸಲ ಬರುತ್ತದೆ ಎಂದು ಈ ಊರಿನಲ್ಲಿ ಗೊತ್ತಿರುವುದು ನನಗೊಬ್ಬಳಿಗೆ. ಗೊತ್ತಾದದ್ದು ಅಪ್ಪನನ್ನು ಕದ್ದದ್ದರಿಂದ. ಅದಕ್ಕೆ ಚಪ್ಪಾಳೆ ತಟ್ಟುತ್ತಿದ್ದಾರೆ. ನಾನೂ ನಿಂತು ತಟ್ಟಿಸಿಕೊಳ್ಳುತ್ತಿದ್ದೇನೆ. ಬೆಂಚಿನ ಇನ್ನೊಂದು ತುದಿಗೆ ಹೋಗಿ ಕೂತೆ.

ಪದ್ರೀನ್ಯೊ ಕಪ್ಪು ಕನ್ನಡಕ ತೆಗೆದು ಮಡಚಿದರು. ನನ್ನ ಕಡೆ ತಿರುಗಲಿಲ್ಲ. ನನಗೊಬ್ಬಳಿಗೆ ಕೇಳುವಷ್ಟು ಮೆಲ್ಲಗೆ ಹೇಳಿದರು:

"ಏಳನೇ ತಾರೀಕಿಂದು ಓದ್ಲಿಲ್ಲ ನೀನು."

ಓದಿರಲಿಲ್ಲ. ಆರರಿಂದ ನೇರ ಎಂಟನೆಯ ತಾರೀಕಿಗೆ ಹಾರಿದ್ದೆ. ಕಣ್ಣು ತಪ್ಪಿ ಹಾರಿದ್ದಲ್ಲ.

ಗಂಡಸರು ಆಗಲೇ ಪಂಜರದ ಬಟ್ಟೆ ತೆಗೆಯುತ್ತಿದ್ದರು, ಹಕ್ಕಿಗಳು ಶುರುಮಾಡಿದ್ದವು. ಎದ್ದು ಮತ್ತೆ ವೃತ್ತದ ನಡುವೆ ಹೋದೆ. ದೋರ್ಗಿವಲಣ್ಣ "ಇನ್ನೇನೇ?" ಎಂದ.

"ಮರಿಗಳು ನಾಲ್ಕಿದ್ವು" ಎಂದೆ.